ಬೀಗದ ಮಾಮನ ಹೆಚ್ಚುವರಿ ನೀರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಹತ್ತು ಹಾಸಿಗೆ, ಹತ್ತು ಯಂತ್ರ, ದಿನಕ್ಕೆ ಮೂರು ಪಾಳಿ ರೋಗಿಗಳನ್ನು ಹದಿನಾಲ್ಕು ವರ್ಷ ನೋಡಿಕೊಂಡ ಟೆಕ್ನಿಷಿಯನ್‌ಗೆ ಕೋಪ ಬರದೆ ಇನ್ನೇನು ಬಂದೀತು? ಆದರೆ ಈ ಸಲ ನಾನು ಯಾರ ಮೇಲೆ ಹರಿಹಾಯ್ದೆನೋ ಆ ಮನುಷ್ಯ ತಪ್ಪೇ ಮಾಡಿರಲಿಲ್ಲ. ಮಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಮನಸ್ಸಿಗೆ ಹಗುರ.

ನಮ್ಮ ಕೆಲಸ ಇಷ್ಟೇ. ಕಿಡ್ನಿ ಕೆಟ್ಟವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ವಾರಕ್ಕೆ ಮೂರು ಸಲ ಅವರು ಬರುತ್ತಾರೆ, ನಾವು ಯಂತ್ರಕ್ಕೆ ಹಾಕಿ ಆ ನೀರನ್ನು ತೆಗೆಯುತ್ತೇವೆ. ಎಷ್ಟು ತೆಗೆಯಬೇಕು ಎಂಬುದು ತೂಕದ ಲೆಕ್ಕ. ಹೆಚ್ಚಿನ ನೀರೇ ಇಲ್ಲದಾಗ ಒಬ್ಬರು ಎಷ್ಟು ತೂಗುತ್ತಾರೋ ಅದನ್ನು ಒಣ ತೂಕ ಅನ್ನುತ್ತೇವೆ. ಇವತ್ತಿನ ತೂಕದಲ್ಲಿ ಒಣ ತೂಕ ಕಳೆದರೆ ಉಳಿದದ್ದು ನೀರು. ಕಡಿಮೆ ತೆಗೆದರೆ ಉಸಿರು ಕಟ್ಟುತ್ತದೆ, ಹೆಚ್ಚು ತೆಗೆದರೆ ಸ್ನಾಯು ಸೆಳೆತ ಬಂದು ಮನುಷ್ಯ ಕಿರುಚಿಕೊಳ್ಳುತ್ತಾನೆ.

ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಹೊಸ ಸಿಸ್ಟಮ್ ಬಂತು. ಅದಕ್ಕೆ ಮೊದಲು ಎಲ್ಲ ಕಾಗದದಲ್ಲಿ. ಯಾರ ಅಕ್ಷರ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ತೂಕಕ್ಕೊಂದು ಕಾಲಂ, ರಕ್ತದೊತ್ತಡಕ್ಕೊಂದು, ಪಾದ ಊದಿದೆಯೋ ಇಲ್ಲವೋ ಎಂಬುದಕ್ಕೊಂದು. ಡಾಕ್ಟರುಗಳು ಕೂತು ತಮ್ಮ ವಿದ್ಯೆಯನ್ನೆಲ್ಲ ನಿಯಮಗಳಾಗಿ ಅದಕ್ಕೆ ಕಲಿಸಿದ್ದಾರೆ. ಇಂಥ ಅಂಕಿ ಬಂದರೆ ಇಂಥ ಎಚ್ಚರಿಕೆ ಕೊಡು, ಇಂಥ ಔಷಧಿ ನಿಲ್ಲಿಸು ಎಂದು ಹೇಳು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಸಿಸ್ಟಮ್ಮೇ. ಎರಡು ಸಲ ನನ್ನ ಕಣ್ಣು ತಪ್ಪಿದ್ದನ್ನು ಅದು ಹಿಡಿದಿದೆ.

ಇನ್ನು ಬೀಗದ ಮಾಮ. ವಯಸ್ಸು ಅರವತ್ತರ ಹತ್ತಿರ. ಇಡೀ ಜೀವನ ಬೀಗ ರಿಪೇರಿ, ಕೀಲಿ ಕಡಿಯುವುದು. ಸಕ್ಕರೆ ಕಾಯಿಲೆ ಇದ್ದವರು. ಒಂದು ದಿನ ಅಂಗಡಿಯಲ್ಲಿ ದೊಡ್ಡ ಕಬ್ಬಿಣದ ಬೀಗ ಕಾಲ ಮೇಲೆ ಬಿತ್ತು. ಗಾಯ ವಾಸಿಯಾಗಲಿಲ್ಲ, ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಆಮೇಲೆ ಕಿಡ್ನಿಯೂ ಕೈಕೊಟ್ಟಿತು. ಕಾಲು ಹೋದ ದಿನವೇ ಅವರ ಹೆಂಡತಿ ಅಂಗಡಿ ಮುಚ್ಚಿಸಿ, ಇನ್ನು ಬೀಗ ಮುಟ್ಟಿದರೆ ನೋಡಿ ಎಂದು ಕಟ್ಟುನಿಟ್ಟು ಮಾಡಿದ್ದರು. ಇವರನ್ನು ಮಾಮ ಅಂದ ಮೇಲೆ ಅವರು ನನಗೆ ಅತ್ತೆ. ಸ್ವಂತ ಅತ್ತೆಗೂ ನಾನು ಅಷ್ಟು ಹೆದರಿದವಳಲ್ಲ.

ಆ ಅತ್ತೆಯೇ ಮಾಮನಿಗೆ ತಮ್ಮ ಕಿಡ್ನಿ ಕೊಡುವವರು. ರಕ್ತ ಹೊಂದಿತ್ತು, ಪರೀಕ್ಷೆಗಳೆಲ್ಲ ಮುಗಿದಿದ್ದವು. ಗುರುವಾರ ಡಾಕ್ಟರುಗಳ ಸಮಿತಿ ಕೂತು ಒಪ್ಪಿಗೆ ಕೊಡುವುದೊಂದು ಬಾಕಿ. ಅಷ್ಟರಲ್ಲಿ ಸಿಸ್ಟಮ್ ಮಾಮನ ದಾಖಲೆಯ ಮೇಲೆ ಕೆಂಪು ಗೆರೆ ಎಳೆಯಿತು: ‘ನೀರಿನ ಮಿತಿ ಪಾಲಿಸುತ್ತಿಲ್ಲ.’ ಒಣ ತೂಕಕ್ಕಿಂತ ಮೂರು ಕಿಲೋ ಜಾಸ್ತಿ ಹೊತ್ತು ನಾಲ್ಕು ಸಲ ಬಂದರೆ ಆ ಗೆರೆ ತಾನಾಗಿ ಬೀಳುತ್ತದೆ. ಪಥ್ಯ ಕೇಳದವರಿಗೆ ಕಿಡ್ನಿ ಹಾಕುವುದಿಲ್ಲ. ಹಾಕಿದರೂ ಅದನ್ನು ಉಳಿಸಿಕೊಳ್ಳುವುದಿಲ್ಲ ಎಂದು ಡಾಕ್ಟರುಗಳ ಅನುಭವ. ಗೆರೆ ಇದ್ದರೆ ಆರು ತಿಂಗಳು ಮುಂದಕ್ಕೆ. ಅತ್ತೆಯ ಸಕ್ಕರೆಯ ಅಂಶ ಆಗಲೇ ಗಡಿಯಲ್ಲಿತ್ತು. ಆರು ತಿಂಗಳಲ್ಲಿ ಅದು ಗಡಿ ದಾಟಿದರೆ ಅವರು ಕೊಡುವಂತೆಯೇ ಇಲ್ಲ, ಬೇರೆ ಕೊಡುವವರು ಯಾರೂ ಇಲ್ಲ.

ಸೋಮವಾರ ಮಾಮನ ತೂಕ ಮತ್ತೆ ನಾಲ್ಕು ಕಿಲೋ ಜಾಸ್ತಿ. ಅತ್ತೆ ಹಾಸಿಗೆಯ ಪಕ್ಕ ನಿಂತು ಶುರು ಮಾಡಿದರು.

“ಅಲ್ಲಾ ರೀ, ನಾಲ್ಕು ಕಿಲೋ! ದಿನಕ್ಕೆ ಅಳೆದು ನಾಲ್ಕು ಲೋಟ ಕೊಡ್ತೀನಿ. ಉಳಿದದ್ದು ಎಲ್ಲಿಂದ ಬಂತು? ಸ್ನಾನದ ನೀರು ಕುಡೀತೀರಾ?”

“ನಾಲ್ಕೇ ಲೋಟ ಕಣೇ. ಅದರಲ್ಲೂ ಒಂದೊಂದ್ಸಲ ಅರ್ಧ ಬಿಡ್ತೀನಿ.”

“ಹಾಗಾದ್ರೆ ತೂಕದ ಯಂತ್ರ ಸುಳ್ಳು ಹೇಳುತ್ತಾ?”

ಮಾಮ ನನ್ನ ಕಡೆ ನೋಡಿದರು. ಕಾಪಾಡು ತಾಯಿ ಅನ್ನುವ ನೋಟ. ನಾನು ಕಾಪಾಡುವ ಬದಲು ಇನ್ನಷ್ಟು ಒಗ್ಗರಣೆ ಹಾಕಿದೆ.

“ಮಾಮ, ನಿಮಗೆ ಕಿಡ್ನಿ ಬೇಕೋ ಬೇಡ್ವೋ? ಅತ್ತೆ ಹೊಟ್ಟೆ ಕೊಯ್ಸಿಕೊಳ್ಳೋಕೆ ತಯಾರಾಗಿ ನಿಂತಿದ್ದಾರೆ, ನಿಮಗೆ ಬಾಯಿ ಕಟ್ಟೋಕಾಗಲ್ವಾ? ನಾಚಿಕೆ ಆಗಬೇಕು!”

“ನಾನು ಕುಡಿದಿಲ್ಲಮ್ಮ. ಆಣೆಗೂ ಕುಡಿದಿಲ್ಲ,” ಅಂದರು. ಆಮೇಲೆ ಗೋಡೆಯ ಕಡೆ ತಿರುಗಿಬಿಟ್ಟರು.

ಎರಡು ಗಂಟೆ ಕಳೆಯುವಷ್ಟರಲ್ಲಿ ಸೆಳೆತ ಬಂತು. ಇದ್ದ ಒಂದು ಕಾಲು ಕಲ್ಲಿನ ಹಾಗೆ ಬಿಗಿಯಿತು. ನೋವು ತಡೆಯಲಾರದೆ ಮಾಮ ಹಾಸಿಗೆಯ ಕಂಬಿ ಹಿಡಿದು ಅಲುಗಾಡಿಸಿದರು. ನೀರು ತೆಗೆಯುವುದನ್ನು ನಿಲ್ಲಿಸಿದೆ. ಕಾಲು ತಿಕ್ಕುತ್ತ ಅಭ್ಯಾಸದಂತೆ ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ. ನೀರು ತುಂಬಿದ್ದರೆ ಅಲ್ಲಿ ಗುಳಿ ಬೀಳಬೇಕು. ಬೀಳಲಿಲ್ಲ. ಚರ್ಮ ಒಣಗಿ ಸಿಪ್ಪೆ ಏಳುತ್ತಿತ್ತು. ‘ಪಾದ ಊತ: ಇಲ್ಲ’ ಎಂದು ಟೈಪ್ ಮಾಡುವಾಗ ನನ್ನ ಬೆರಳು ಅಲ್ಲೇ ನಿಂತಿತು.

ಊಟದ ಹೊತ್ತಿನಲ್ಲಿ ಡಬ್ಬಿ ಒಂದು ಕಡೆ, ಮಾಮನ ದಾಖಲೆ ಇನ್ನೊಂದು ಕಡೆ ಇಟ್ಟುಕೊಂಡು ಕೂತೆ. ಒಂಬತ್ತು ವಾರ, ಇಪ್ಪತ್ತಾರು ಸಾಲು. ದಿನಾ ನಾನು ಸಾಲು ತುಂಬುತ್ತೇನೆಯೇ ಹೊರತು ಕಾಲಂಗಳನ್ನು ಮೇಲಿಂದ ಕೆಳಗೆ ಓದಿದವಳಲ್ಲ. ಅವತ್ತು ಓದಿದೆ. ತೂಕ ಏರುತ್ತಾ ಬಂದಿದೆ. ಅದರ ಪಕ್ಕದಲ್ಲೇ ರಕ್ತದೊತ್ತಡ ಇಳಿಯುತ್ತಾ ಬಂದಿದೆ. ಪಾದ ಊತ ಇಲ್ಲ, ಇಲ್ಲ, ಇಲ್ಲ. ಉಸಿರಾಟದ ತೊಂದರೆ ಇಲ್ಲ. ಸೆಳೆತ ಮಾತ್ರ ಪ್ರತಿ ವಾರ. ಮೈತುಂಬ ನೀರಿರುವ ಮನುಷ್ಯನಿಗೆ ಒತ್ತಡ ಏರಬೇಕು, ಪಾದ ಊದಬೇಕು, ಮಲಗಿದರೆ ಏದುಸಿರು ಬರಬೇಕು. ಇದು ನೀರಿಲ್ಲದ ಮನುಷ್ಯನ ದಾಖಲೆ. ನಾವು ಇಲ್ಲದ ನೀರನ್ನು ಹಿಂಡುತ್ತಿದ್ದೇವೆ! ನೀರಿನ ನಿಯಮ ತೂಕದ ಕಾಲಂ ಒಂದನ್ನೇ ನೋಡುತ್ತದೆ, ಪಕ್ಕಕ್ಕೆ ತಿರುಗಿ ನೋಡು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ನನಗೆ ಹೇಳಿಕೊಟ್ಟಿದ್ದರು, ನಾನೂ ನೋಡಿರಲಿಲ್ಲ. ಡಬ್ಬಿ ಮುಚ್ಚಿಟ್ಟು ಎದ್ದೆ.

ಮೊದಲು ಅನುಮಾನ ಬಂದದ್ದು ತೂಕದ ಯಂತ್ರದ ಮೇಲೆ. ನಾನೇ ಹತ್ತಿ ನಿಂತೆ. ಎರಡು ಕಿಲೋ ಜಾಸ್ತಿ ತೋರಿಸಿತು! ಸಿಕ್ಕಿಬಿದ್ದೆಯಾ ಮಗನೇ ಎಂದು ರಿಪೇರಿಯವರನ್ನು ಕರೆಸಿದೆ. ಅವರು ಹತ್ತು ಕಿಲೋದ ಅಳತೆಯ ಕಲ್ಲು ತಂದು ಇಟ್ಟರು. ಹತ್ತೇ ತೋರಿಸಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

“ಹಾಗಾದ್ರೆ ನನ್ನ ಎರಡು ಕಿಲೋ?” ಅಂದೆ.

“ಅದು ನಿಮ್ಮದೇ ಮೇಡಂ,” ಎಂದು ಚೀಲ ಕಟ್ಟಿಕೊಂಡು ಹೋದರು. ಪಕ್ಕದ ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಬುಧವಾರ ಮಾಮ ಬಂದರು. ತೂಗುವುದು ಗಾಲಿಕುರ್ಚಿ ಸಮೇತ. ಕುರ್ಚಿಯ ತೂಕವನ್ನು ಸಿಸ್ಟಮ್ ತಾನೇ ಕಳೆಯುತ್ತದೆ. ಪ್ರತಿ ಸಲವೂ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ‘ಕುರ್ಚಿಯ ತೂಕ ಬದಲಾಗಿದೆಯೇ?’ ನಾನು ‘ಇಲ್ಲ’ ಒತ್ತುತ್ತೇನೆ. ಕುರ್ಚಿಯೇನು ಊಟ ಮಾಡುತ್ತದೆಯೇ ಬದಲಾಗಲು? ಅವತ್ತೂ ಒತ್ತಿದೆ. ಮತ್ತೆ ನಾಲ್ಕು ಕಿಲೋ ಜಾಸ್ತಿ. ಅತ್ತೆ ಮಾತೇ ಆಡದೆ ಔಷಧಿ ತರಲು ಕೆಳಗೆ ಹೋದರು. ಅವರು ಬೈಯದೆ ಹೋದದ್ದು ನೋಡಿ ಮಾಮನ ಮುಖ ಇನ್ನೂ ಸಪ್ಪೆಯಾಯಿತು.

ಮಾಮನನ್ನು ಹಾಸಿಗೆಗೆ ದಾಟಿಸಿ, ಖಾಲಿ ಕುರ್ಚಿಯನ್ನು ಎಂದಿನಂತೆ ಮೊಣಕಾಲಿನಿಂದ ಪಕ್ಕಕ್ಕೆ ದೂಡಿದೆ. ಅದು ಕದಲಲಿಲ್ಲ. ಬ್ರೇಕ್ ಹಾಕಿದೆಯೇನೋ ಎಂದು ಬಗ್ಗಿ ನೋಡಿದೆ, ಹಾಕಿರಲಿಲ್ಲ. ಎರಡೂ ಕೈ ಹಿಡಿದು ತಳ್ಳಿದಾಗ ಹೊರಟಿತು, ಹೊರಟಾಗ ಎಲ್ಲೋ ‘ಖಣ್’ ಎಂದಿತು. ನೇರ ತೂಕದ ಯಂತ್ರದ ಮೇಲೆ ಹತ್ತಿಸಿದೆ. ದಾಖಲೆಯಲ್ಲಿ ಹದಿನೇಳು ಕಿಲೋ ಇನ್ನೂರು ಗ್ರಾಂ. ಯಂತ್ರದಲ್ಲಿ ಇಪ್ಪತ್ತು ಕಿಲೋ ನೂರು ಗ್ರಾಂ. ಎರಡು ಕಿಲೋ ಒಂಬೈನೂರು ಗ್ರಾಂ, ಅಷ್ಟೂ ನಾವು ಮಾಮನ ಮೈಯೊಳಗೆ ಹುಡುಕುತ್ತಿದ್ದ ನೀರು.

“ಮಾಮ, ಈ ಕುರ್ಚಿಯೊಳಗೆ ಏನಿದೆ?”

“ಏನಿರುತ್ತೆ? ಹೊದಿಕೆ, ಪೇಪರ್...”

“ಮಾಮಾ!”

“ಮೆಲ್ಲಗೆ ಅನ್ನಮ್ಮ, ಅವಳು ಬಂದುಬಿಡ್ತಾಳೆ.”

ಕುರ್ಚಿಯ ಕೆಳಗೆ ದಪ್ಪ ಬಟ್ಟೆಯ ಚೀಲ ಹೊಲಿದಿತ್ತು. ಹೊದಿಕೆ ಎತ್ತಿದರೆ ಅರಗಳು, ಇಕ್ಕಳ, ಸಣ್ಣ ಸುತ್ತಿಗೆ, ಎಣ್ಣೆಯ ಬುಡ್ಡಿ ಇದ್ದ ಡಬ್ಬಿ. ಬೆನ್ನ ಹಿಂದಿನ ದಿಂಬಿನ ಹೊಲಿಗೆ ಬಿಚ್ಚಿದರೆ ಬೀಗಗಳು. ಒಂದಾದ ಮೇಲೆ ಒಂದು ತೆಗೆದು ಟ್ರೇನಲ್ಲಿಡುತ್ತಾ ಹೋದೆ. ಹಿತ್ತಾಳೆಯದು, ಉಕ್ಕಿನದು, ಸೈಕಲ್ಲಿನದು, ಪೆಟ್ಟಿಗೆಯದು. ಒಟ್ಟು ಹನ್ನೊಂದು. ಎಂಟನೆಯದನ್ನು ಹಿಡಿದಾಗ ಬೆಪ್ಪಾದೆ. ಅದು ನನ್ನದೇ ಕಪಾಟಿನ ಬೀಗ. ಮೂರು ವಾರದ ಹಿಂದೆ ‘ಮಾಮ, ಇದು ಕಚ್ಚಿಕೊಂಡಿದೆ, ಸ್ವಲ್ಪ ನೋಡಿ, ಅತ್ತೆಗೆ ಹೇಳ್ಬೇಡಿ’ ಎಂದು ನಾನೇ ಗುಟ್ಟಾಗಿ ಕೊಟ್ಟಿದ್ದೆ!

ವಿಚಾರಿಸಿದರೆ ವಾರ್ಡಿಗೆ ವಾರ್ಡೇ ಶಾಮೀಲು. ನರ್ಸುಗಳು, ಆಯಾ, ಗೇಟಿನ ಕಾವಲುಗಾರ, ಬೇರೆ ರೋಗಿಗಳ ಕಡೆಯವರು, ಎಲ್ಲರೂ ಮಾಮನ ಕೈಗೆ ಕೆಟ್ಟ ಬೀಗ ತುರುಕಿದವರೇ. ಅತ್ತೆ ಔಷಧಿಯ ಸಾಲಿನಲ್ಲಿ ನಿಲ್ಲುವ ಅರ್ಧ ಗಂಟೆಯಷ್ಟೇ ಮಾಮನಿಗೆ ಕೆಲಸ ಮಾಡಲು ಸಿಗುತ್ತಿದ್ದದ್ದು. ಬರುವ ಬೀಗ ಜಾಸ್ತಿ, ಸಿಗುವ ಹೊತ್ತು ಕಡಿಮೆ, ಹಾಗಾಗಿ ದಿಂಬು ದಪ್ಪವಾಗುತ್ತಾ ಬಂದಿತ್ತು.

“ಮಾಮ, ನಿಮಗಾದ್ರೂ ಹೊಳೀಬಾರದಿತ್ತಾ?”

“ಕುರ್ಚಿ ತೂಕ ನೀವು ಕಳೀತೀರಲ್ಲ ಅಂದ್ಕೊಂಡೆ ಕಣಮ್ಮ. ದಿನಾ ತೂಗಿ ಕಳೀತೀರಿ ಅಂತ.”

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಕುರ್ಚಿ ಊಟ ಮಾಡುತ್ತದೆಯೇ ಎಂದು ಜಂಬ ಕೊಚ್ಚಿಕೊಂಡವಳು ನಾನು. ತಿಂದಿತ್ತು, ಹನ್ನೊಂದು ಬೀಗ ತಿಂದಿತ್ತು. ಇಪ್ಪತ್ತೇಳು ಸಲ ಸಿಸ್ಟಮ್ ಮರ್ಯಾದೆಯಿಂದ ಕೇಳಿತ್ತು. ಅಷ್ಟೂ ಸಲ ನೋಡದೆ ‘ಇಲ್ಲ’ ಅಂದಿದ್ದೆ. ಆಮೇಲೆ ಆ ಮನುಷ್ಯನಿಗೆ ನಾಚಿಕೆಯಾಗಬೇಕು ಎಂದು ಬೇರೆ ಬೈದಿದ್ದೆ.

ಅಷ್ಟರಲ್ಲಿ ಅತ್ತೆ ಬಂದರು. ಟ್ರೇ ನೋಡಿದರು. ಬೀಗಗಳನ್ನು ನೋಡಿದರು.

“ಇದೇನು?”

ಮಾಮ ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಮಲಗಿದರು. ನಾನೇ ಹೇಳಿದೆ. “ಅತ್ತೆ, ಇದೇ ಮಾಮ ಕುಡಿದ ನೀರು. ಅವರು ಒಂದು ಲೋಟವೂ ಜಾಸ್ತಿ ಕುಡಿದಿಲ್ಲ. ತಪ್ಪು ನನ್ನದು.”

ಅತ್ತೆ ಒಂದು ಬೀಗ ಎತ್ತಿಕೊಂಡರು. ಗಂಡನ ತಲೆಗೆ ಬಿತ್ತು ಎಂದೇ ನಾನು ಅಂದುಕೊಂಡೆ. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಟ್ರೇನಲ್ಲಿಟ್ಟು, ಏನೂ ಹೇಳದೆ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು. ನಾನು ಸರಿಯಾದ ತೂಕ ಹಾಕಿದೆ. ಆ ದಿನ ತೆಗೆಯಬೇಕಿದ್ದದ್ದು ಒಂದು ಕಿಲೋ ಚಿಲ್ಲರೆ. ನಾಲ್ಕು ಗಂಟೆಯೂ ಸೆಳೆತ ಬರಲಿಲ್ಲ. ಮಾಮ ನಿಜವಾಗಿಯೂ ನಿದ್ದೆ ಹೋದರು, ಗೊರಕೆಯೂ ಕೇಳಿಸಿತು.

ಗುರುವಾರ ಬೆಳಿಗ್ಗೆ ಸಮಿತಿ. ಉದ್ದ ಮೇಜು, ಐದು ಜನ ಡಾಕ್ಟರುಗಳು, ನಡುವೆ ಕಿಡ್ನಿ ವಿಭಾಗದ ದೊಡ್ಡ ಡಾಕ್ಟರಮ್ಮ. ಮಾಮ, ಅತ್ತೆ ಇಬ್ಬರನ್ನೂ ಕರೆಸಿ ಒಂದು ಪಕ್ಕ ಕೂರಿಸಿದ್ದರು. ಡಾಕ್ಟರಮ್ಮನ ಎದುರಿಗೆ ಪರದೆ, ಪರದೆಯ ಮೇಲೆ ಆ ಕೆಂಪು ಗೆರೆ. ಅವರು ಮಾತಾಡುವುದು ಕಡಿಮೆ; ಕನ್ನಡಕದ ಮೇಲಿಂದ ನೋಡಿದರೆ ಸಾಕು, ಕೈಕಾಲು ಆಡುವುದಿಲ್ಲ. ನಾನು ಟ್ರೇ ಹಿಡಿದು ಎದ್ದು ನಿಂತೆ. ಕರೆದಿರಲಿಲ್ಲ, ಆದರೂ ಹೋಗಿದ್ದೆ.

“ಮೇಡಂ, ಈ ಗೆರೆ ಬಿದ್ದದ್ದು ನನ್ನಿಂದ. ಇಪ್ಪತ್ತೇಳು ಸಲ ತಪ್ಪು ಉತ್ತರ ಕೊಟ್ಟೆ,” ಎಂದು ಶುರು ಮಾಡಿ ಒಂದೇ ಉಸಿರಿಗೆ ಎಲ್ಲ ಒದರಿದೆ. ಕಾಲಂಗಳ ಪ್ರತಿ ತೋರಿಸಿದೆ. ಒತ್ತಡ ಇಳಿದದ್ದು, ಪಾದ ಒಣಗಿದ್ದದ್ದು, ನಿನ್ನೆಯ ಸರಿಯಾದ ತೂಕ, ಸೆಳೆತ ಇಲ್ಲದ ನಾಲ್ಕು ಗಂಟೆ. ಡಾಕ್ಟರಮ್ಮ ಪ್ರತಿ ಅಂಕಿಯನ್ನೂ ಪರದೆಯಲ್ಲಿ ತಾವೇ ತೆರೆದು ನೋಡಿದರು. ಆಮೇಲೆ ಟ್ರೇ ಕಡೆ ಕೈ ಚಾಚಿ ಒಂದು ಸಣ್ಣ ಹಿತ್ತಾಳೆ ಬೀಗ ಎತ್ತಿದರು.

“ಇದು ನನ್ನ ಡ್ರಾಯರಿನದು ಅಲ್ವಾ? ಎರಡು ತಿಂಗಳಿಂದ ಹುಡುಕ್ತಾ ಇದ್ದೀನಿ.”

“ನಿಮ್ಮ ಆಫೀಸಿನ ಆಯಾ ಕೊಟ್ಟಿದ್ರು ಡಾಕ್ಟ್ರೇ,” ಎಂದರು ಮಾಮ ಕುರ್ಚಿಯಿಂದ. “ಒಳಗಿನ ಸ್ಪ್ರಿಂಗ್ ಮುರಿದಿತ್ತು. ಈಗ ಸರಿ ಇದೆ. ತಿರುಗಿಸಿ ನೋಡಿ.”

ಡಾಕ್ಟರಮ್ಮ ತಿರುಗಿಸಿದರು. ಬೆಣ್ಣೆಯ ಹಾಗೆ ತಿರುಗಿತು. ಮೇಜಿನ ತುದಿಯಲ್ಲಿದ್ದ ಶಸ್ತ್ರಚಿಕಿತ್ಸೆಯ ಡಾಕ್ಟರು ತಡೆಯಲಾರದೆ ನಕ್ಕುಬಿಟ್ಟರು, ಅವರ ಹಿಂದೆ ಎಲ್ಲರೂ. ಡಾಕ್ಟರಮ್ಮ ನಗಲಿಲ್ಲ.

“ತೂಕ ಸರಿಹೋಯ್ತು, ಒಪ್ಪಿದೆ,” ಅಂದರು. “ಆದರೆ ನೀವು ಹೆಂಡತಿಗೆ ಗೊತ್ತಾಗದ ಹಾಗೆ ಒಂಬತ್ತು ವಾರ ಬೀಗ ಬಚ್ಚಿಟ್ಟವರು. ನಾಳೆ ಹೊಸ ಕಿಡ್ನಿ ಹಾಕಿದ ಮೇಲೆ ಮಾತ್ರೆ ತಪ್ಪಿಸಿ ‘ನುಂಗಿದೆ’ ಅಂದರೆ? ನಿಮ್ಮ ಮಾತನ್ನು ಯಾವ ಆಧಾರದ ಮೇಲೆ ನಂಬಲಿ?”

ನಗು ನಿಂತಿತು. ಮಾಮ ತಲೆ ತಗ್ಗಿಸಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆಗ ಅತ್ತೆ ಎದ್ದರು. ನಿನ್ನೆಯಿಂದ ಅವರು ಬಾಯಿ ಬಿಟ್ಟದ್ದು ಅದೇ ಮೊದಲು.

“ನಾನು ಹೇಳ್ತೀನಿ, ಬರ್ಕೊಳ್ಳಿ. ಒಂದು ತಿಂಗಳಿಂದ ನಾನು ಹೊರಗೆ ಹೋಗುವಾಗೆಲ್ಲ ಅಡುಗೆಮನೆ ಬಾಗಿಲಿಗೆ ಬೀಗ ಹಾಕಿ ಹೋಗ್ತಿದ್ದೆ. ಬಚ್ಚಲ ನಲ್ಲಿಗೂ ಮೇಲಿಂದ ನೀರು ನಿಲ್ಲಿಸಿ ಹೋಗ್ತಿದ್ದೆ. ಇವರು ಕದ್ದು ಕುಡೀತಾರೆ ಅಂತ. ಹಾಕಿದ್ದು ಎಂಥ ಬೀಗ ಗೊತ್ತಾ? ಕೂದಲಿಗೆ ಹಾಕೋ ಪಿನ್ ತೋರಿಸಿದ್ರೆ ಬಿಚ್ಚಿಕೊಳ್ಳೋ ಬೀಗ. ಮೂವತ್ತೊಂದು ವರ್ಷ ಬೀಗ ಬಿಚ್ಚಿಯೇ ನಮ್ಮನ್ನ ಸಾಕಿದ ಮನುಷ್ಯನ ಮುಂದೆ, ಅಂಥಾದ್ದು ನೇತುಹಾಕಿ ಹೋಗ್ತಿದ್ದೆ. ವಾಪಸ್ ಬಂದಾಗ ಹಾಕಿದ ಹಾಗೇ ಇರ್ತಿತ್ತು. ಇವರ ತುಟಿ ಒಡೆದು ರಕ್ತ ಬರ್ತಿತ್ತು. ಆದ್ರೂ ನನಗೆ ತಿಳೀಲಿಲ್ಲ. ಪರದೆ ಮೇಲಿನ ಗೆರೆ ನಂಬಿದೆ, ಇವರನ್ನ ನಂಬಲಿಲ್ಲ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಮ ಕುರ್ಚಿಯನ್ನು ಅವರ ಹತ್ತಿರಕ್ಕೆ ಉರುಳಿಸಿಕೊಂಡರು.

“ಅಳ್ಬೇಡ ಕಣೇ. ಎರಡು ಸಲ ಆ ಬಾಗಿಲ ತನಕ ಹೋಗಿದ್ದೆ. ಬಾಯಿ ಅಷ್ಟು ಒಣಗಿತ್ತು.”

“ಮತ್ತೆ ಯಾಕೆ ತೆಗೀಲಿಲ್ಲ?”

“ನೀನು ಹಾಕಿದ್ದಲ್ವಾ.”

ನಾನು ಟ್ರೇ ಮೇಜಿನ ಮೇಲಿಟ್ಟು ಗೋಡೆಯ ಕಡೆ ತಿರುಗಿ ಗಳಗಳನೆ ಅತ್ತುಬಿಟ್ಟೆ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೀಬೋರ್ಡಿನ ಸದ್ದು ಕೇಳಿಸಿತು. ಗೆರೆ ಅಳಿಸಬೇಕಾದರೆ ಸಿಸ್ಟಮ್ ಕಾರಣ ಕೇಳುತ್ತದೆ, ಖಾಲಿ ಬಿಡುವ ಹಾಗಿಲ್ಲ. ಅವರು ಬರೆದದ್ದನ್ನು ಸಮಿತಿಗೆ ಗಟ್ಟಿಯಾಗಿ ಓದಿದರು.

“ರೋಗಿ ನೀರಿನ ಮಿತಿ ಪಾಲಿಸುತ್ತಾರೆ. ಆಧಾರ: ಸರಿಪಡಿಸಿದ ತೂಕ, ರಕ್ತದೊತ್ತಡ, ಪಾದ ಪರೀಕ್ಷೆ, ಮತ್ತು ಒಂದು ತಿಂಗಳು ತೆರೆಯದೆ ಉಳಿದ ಅಡುಗೆಮನೆಯ ಬೀಗ.” ಆಮೇಲೆ ಅತ್ತೆಯ ಕಡೆ ನೋಡಿ, “ಮುಂದಿನ ತಿಂಗಳು ಹನ್ನೊಂದನೇ ತಾರೀಕು. ಇಬ್ಬರೂ ಹಿಂದಿನ ದಿನ ಬಂದು ಅಡ್ಮಿಟ್ ಆಗಿ,” ಅಂದರು.